ನೂಕುನುಗ್ಗಲಿನಲ್ಲಿ ಬಿಟ್ಟ ಜಾಗ

ಆ ಮನುಷ್ಯ ಕ್ಯೂನಲ್ಲಿ ನಿಲ್ಲುತ್ತಿದ್ದ ರೀತಿಯೇ ನನಗೆ ಮೊದಲು ಸಂಶಯ ಹುಟ್ಟಿಸಿದ್ದು. ನಾವೆಲ್ಲ ಬೆಳಗಿನ ಪಾಳಿಯವರು, ನಿದ್ದೆಗಣ್ಣಿನಲ್ಲಿ ಮುಂದಿನವರ ಬೆನ್ನು ನೋಡಿಕೊಂಡು ಒಂದೊಂದೇ ಹೆಜ್ಜೆ ಸರಿಯುತ್ತಿದ್ದೆವು. ಆತ ಮಾತ್ರ ಕಂಬಿಗೆ ಬೆನ್ನು ಕೊಟ್ಟು, ಅಡ್ಡವಾಗಿ, ಒಂದು ಮೊಣಕೈಯನ್ನು ಪಕ್ಕೆಯಿಂದ ತುಸು ಹೊರಗೆ ಚಾಚಿ ನಿಲ್ಲುತ್ತಿದ್ದ. ಬೂಟಿನ ಲೇಸು ಆಗಲೇ ಬಿಚ್ಚಿರುತ್ತಿತ್ತು. ಬೆಲ್ಟು ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಿರುತ್ತಿದ್ದ. ಗಾರ್ಡುಗಳ ಮುಖವನ್ನು ಒಮ್ಮೆಯೂ ನೋಡಿದ್ದು ಕಾಣೆ. ಅವರ ಕೈಗಳನ್ನೇ ನೋಡುತ್ತಿದ್ದ.

ನಾನಿರುವುದು ಲಂಡನ್ ಏರ್‌ಪೋರ್ಟಿನ ಹತ್ತಿರದ ಫೆಲ್ಥಮ್‌ನಲ್ಲಿ. ಹುಟ್ಟೂರು ಕುಂದಾಪುರದ ಹತ್ತಿರ. ಗಂಡ ಇಲ್ಲಿಯ ಒಂದು ದೋಸೆ ಹೋಟೆಲಿನಲ್ಲಿ ಅಡುಗೆಯವರು. ನಾನು ವಿಮಾನಗಳಿಗೆ ಊಟ ಕಳಿಸುವ ಒಂದು ದೊಡ್ಡ ಕಿಚನ್ನಿನಲ್ಲಿ, ಸಸ್ಯಾಹಾರದ ಟ್ರೇಗಳಿಗೆ ಲೇಬಲ್ ಹಚ್ಚುವ ಮೇಜಿನವಳು. ನಮ್ಮ ಕಿಚನ್ ಏರ್‌ಪೋರ್ಟಿನ ಬೇಲಿಯ ಒಳಗಿದೆ. ಹಾಗಾಗಿ ಕೆಲಸಕ್ಕೆ ಬರುವ ನಮಗೂ ದಿನಾ ತಪಾಸಣೆ. ಬೇಲಿಯ ಪಕ್ಕದ ಕಿರಿದಾದ ದಾರಿಯಲ್ಲಿ ಕ್ಯೂ, ಪಾಸು ತೋರಿಸಿದರೆ ತಿರುಗುವ ಕಬ್ಬಿಣದ ಗೇಟು, ಆಮೇಲೆ ಬೂಟು, ಬೆಲ್ಟು, ಬಳೆ, ಊಟದ ಡಬ್ಬಿ ಎಲ್ಲವೂ ಟ್ರೇಯೊಳಗೆ. ಬೆಳಗಿನ ಪಾಳಿಯ ಹೊತ್ತಿಗೆ ಕ್ಲೀನಿಂಗಿನವರು, ಲಗೇಜಿನವರು, ಅಂಗಡಿಯವರು ಎಲ್ಲ ಒಟ್ಟಿಗೆ ಬಂದು ಇಳಿಯುತ್ತಾರೆ. ಹಳದಿ ಜಾಕೆಟುಗಳ ನಡುವೆ ಕಾಲು ಹಾಕಲು ಜಾಗವಿರುವುದಿಲ್ಲ.

ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಒಂದು ರೂಮಿನಲ್ಲಿ ಕೂರಿಸಿ ವಿಡಿಯೋ ತೋರಿಸುತ್ತಾರೆ. ಯಾರ ನಡತೆ ವಿಚಿತ್ರವಾಗಿ ಕಂಡರೂ ತಿಳಿಸಿ ಅನ್ನುತ್ತಾರೆ. ಕಾರಣವಿಲ್ಲದೆ ಬೇಗ ಬರುವವರು, ಗೇಟಿನ ಸುತ್ತ ಸುಳಿದಾಡುವವರು, ಗಾರ್ಡುಗಳನ್ನು ಗಮನಿಸುವವರು. ಆ ವಿಡಿಯೋ ನೋಡುವಾಗ ನನಗೆ ಆತನ ನೆನಪಾಯಿತು. ನಮ್ಮ ಮೇಜಿನಲ್ಲೊಬ್ಬರು ಗುಜರಾತಿ ಹೆಂಗಸು, ಅಕ್ಕ ಎನ್ನುವ ಹಾಗೆ ನಾವೆಲ್ಲ ಬೆನ್ ಅನ್ನುತ್ತೇವೆ; ಪಕ್ಕದಲ್ಲಿ ಕೂತಿದ್ದ ಅವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅವರಿಗೂ ಆತನದೇ ನೆನಪಾಗಿರಬೇಕು.

ಆತ ನಮ್ಮ ಕಿಚನ್ನಿನ ಟ್ರಾಲಿಗಳನ್ನು ಲಾರಿಗೆ ಏರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದ. ವಯಸ್ಸು ನನ್ನ ಗಂಡನಿಗಿಂತ ಹೆಚ್ಚು. ಪ್ಯಾಲೆಸ್ಟೈನಿನವನು ಎಂಬುದು ವಾರದೊಳಗೆ ಎಲ್ಲರಿಗೂ ಗೊತ್ತಾಯಿತು. ಟೀವಿಯಲ್ಲಿ ದಿನವೂ ಆ ಕಡೆಯದೇ ಸುದ್ದಿ. ಊಟದ ರೂಮಿಗೆ ಆತ ಬಂದರೆ ಯಾರೋ ಒಬ್ಬರು ರಿಮೋಟ್ ಎತ್ತಿ ಚಾನೆಲ್ ಬದಲಾಯಿಸುತ್ತಿದ್ದರು. ಅದು ಮರ್ಯಾದೆಗೋ ಭಯಕ್ಕೋ ಹೇಳಲಾರೆ.

ಒಂದು ಚಳಿಗಾಲದ ಬೆಳಿಗ್ಗೆ ನನ್ನ ಬಸ್ಸು ಬೇಗ ಬಂತು. ಗೇಟಿನೆದುರು ಆತ ಒಬ್ಬನೇ ನಿಂತಿದ್ದ. ಕ್ಯೂ ಇನ್ನೂ ಶುರುವೇ ಆಗಿರಲಿಲ್ಲ. ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದ. ಯಾವುದೋ ಸೊಪ್ಪಿನ ಪರಿಮಳ. ಸುಮ್ಮನೆ ನಿಲ್ಲಲು ಮುಜುಗರವಾಗಿ ಕೇಳಿಯೇಬಿಟ್ಟೆ.

"ಇಷ್ಟು ಬೇಗ ಯಾಕೆ ಬರ್ತೀರಿ?"

"ಯಾರು ಕೇಳಲು ಹೇಳಿದರು?"

"ಯಾರೂ ಇಲ್ಲ. ನಾನೇ."

ಆತ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. "ಗೇಟು ಯಾವಾಗ ಬೇಕಾದರೂ ಮುಚ್ಚಬಹುದು, ಸಿಸ್ಟರ್."

"ಇಲ್ಲಿ ಗೇಟು ಮುಚ್ಚೋದಿಲ್ಲ."

ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿ, ಆತ ಕಂಬಿಗೆ ಬೆನ್ನು ಕೊಟ್ಟು ನಿಂತ. ನನಗೆ ಕಸಿವಿಸಿಯಾಯಿತು. ಏನೂ ಇಲ್ಲದಿದ್ದರೆ ಇಷ್ಟು ಮುಚ್ಚುಮರೆ ಯಾಕೆ ಎಂದು ದಿನವಿಡೀ ಯೋಚಿಸಿದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

"ನಿಂಗೆ ಎಂತಕ್ಕೆ ಅವ್ರ ಸುದ್ದಿ? ನಿನ್ನ್ ಕೆಲ್ಸ ನೀ ಮಾಡ್ಕಂಡ್ ಬಾ. ಟೀವಿ ಕಾಂತಿಲ್ಯಾ? ನಾಳೆ ನಿನ್ನ್ ಪಾಸೂ ಎಳ್ಕಂಡ್ರೆ ಎಂತ ಮಾಡುದ್?"

"ಅವ್ರ್ ಎಂತ ಮಾಡಿರ್? ಬೇಗ ಬತ್ರ್, ಅಷ್ಟೇ."

"ಬೇಗ ಬಪ್ಪುಕೆ ಎಂತಾರೂ ಕಾರಣ ಇರ್ಕಲ್ದಾ?"

ಇರಬೇಕು. ಅದು ಏನೆಂದು ತಿಳಿಯುವ ಹಟ ನನಗೂ ಹತ್ತಿತು. ಮುಂದಿನ ವಾರಗಳಲ್ಲಿ ಬೇಕೆಂದೇ ಒಂದು ಬಸ್ಸು ಮುಂಚೆ ಹೋಗತೊಡಗಿದೆ. ಮೊದಮೊದಲು ಆತ ಹೂಂ, ಉಹೂಂ ಅನ್ನುತ್ತಿದ್ದ. ಒಂದು ದಿನ ನಾನು ಕಡುಬು ಕೊಟ್ಟೆ. ಒಳಗೇನಿದೆ ಎಂದು ಮುರಿದು ನೋಡಿ, ಮೂಸಿ, ಆಮೇಲೆ ತಿಂದ. ಹಾಗೆ ಸ್ವಲ್ಪಸ್ವಲ್ಪವೇ ಗೊತ್ತಾಯಿತು. ಬೆತ್ಲೆಹೆಮ್ ಹತ್ತಿರದ ಹಳ್ಳಿ, ಗಾರೆ ಕೆಲಸ, ಹೆಂಡತಿಯ ಕಡೆಯವರು ಇಲ್ಲಿರುವುದರಿಂದ ಇಲ್ಲಿಗೆ ಬಂದದ್ದು. ಅಲ್ಲಿಂದ ಮುಂದೆ ನನ್ನ ಬಾಯಲ್ಲಿ ಆತ ಹೋಗಿ ಅವರು ಆದರು. ಆದರೂ ನಾನು ಒಂದು ಪ್ರಶ್ನೆ ಹೆಚ್ಚು ಕೇಳಿದರೆ ಅವರ ಮುಖ ಮುಚ್ಚಿಕೊಳ್ಳುತ್ತಿತ್ತು.

ನಾವಿಬ್ಬರೂ ಮಾತಾಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪಾಳಿ ಮುಗಿಯುವಾಗ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆದ. ಚಿಕ್ಕ ವಯಸ್ಸಿನ, ಸದಾ ನಗುವ ಹುಡುಗ. ಬಾಗಿಲು ಹಾಕಿಕೊಂಡು, ಪೇಪರ್ ಕಪ್ಪಿನಲ್ಲಿ ತಾನೇ ಟೀ ತಂದುಕೊಟ್ಟ. ಅಷ್ಟು ವರ್ಷದಲ್ಲಿ ಅಲ್ಲಿ ಯಾರೂ ನನಗೆ ಟೀ ಕೊಟ್ಟಿರಲಿಲ್ಲ.

"ನಿಮ್ಮ ಮಂಡಿನೋವು ಹೇಗಿದೆ?"

ಮಂಡಿನೋವಿನ ಕಾರಣಕ್ಕೆ ಬೆಳಕು ಹರಿದ ಮೇಲಿನ ಪಾಳಿ ಕೊಡಿ ಎಂದು ನಾನು ಕೇಳಿಕೊಳ್ಳುತ್ತಲೇ ಬಂದಿದ್ದೆ. ಹಾಗೇ ಇದೆ ಅಂದೆ.

"ಲೋಡಿಂಗಿನಲ್ಲಿ ಹೊಸಬರು ಇದ್ದಾರಲ್ಲ, ನಿಮ್ಮ ಜೊತೆ ಮಾತಾಡ್ತಾರಂತೆ. ಹೇಗೆ ಮನುಷ್ಯ?"

"ಒಳ್ಳೆಯವರು. ಬೇಗ ಬರ್ತಾರೆ. ಹೆಚ್ಚು ಮಾತಿಲ್ಲ. ಗೇಟನ್ನೇ ನೋಡ್ತಾ ನಿಂತಿರ್ತಾರೆ, ಪಾಪ."

"ಏನಾದರೂ ಹೇಳಿದರಾ? ರಾಜಕೀಯ, ಕೋಪ, ಅಂಥದ್ದು?"

"ಇಲ್ಲ. ಗಾರೆ ಕೆಲಸದ ಬಗ್ಗೆ ಹೇಳಿದರು."

ಅವನು ನಕ್ಕು ಥ್ಯಾಂಕ್ಯೂ ಹೇಳಿದ. ಟೀ ಅರ್ಧ ಹಾಗೇ ಬಿಟ್ಟು ಹೊರಗೆ ಬಂದೆ. ಊಟದ ರೂಮಿನ ಗಾಜಿನ ಆಚೆ ಕೂತಿದ್ದವರು ತಲೆ ಎತ್ತಿ ನೋಡಿದರು. ಅವರಲ್ಲಿ ಆ ಪ್ಯಾಲೆಸ್ಟೈನಿನವರೂ ಒಬ್ಬರು.

ಮುಂದಿನ ಪಾಳಿಪಟ್ಟಿಯಲ್ಲಿ ನನಗೆ ಬೆಳಕು ಹರಿದ ಮೇಲಿನ ಪಾಳಿ ಬಿದ್ದಿತ್ತು.

ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಮನೆಯಲ್ಲಿ ನಿಧಾನವಾಗಿ ಕಾಫಿ ಕುಡಿದು ಹೊರಟೆ. ಕ್ಯೂ ಇರಲಿಲ್ಲ. ಗಾರ್ಡು ಗುಡ್ ಮಾರ್ನಿಂಗ್ ಅಂದ. ಆದರೆ ಒಳಗೆ ಕಾಲಿಟ್ಟ ಕೂಡಲೇ ಏನೋ ಆಗಿದೆ ಎಂದು ಗೊತ್ತಾಯಿತು. ಲೇಬಲ್ ಮೇಜಿನ ಮಾತು ನಾನು ಹೋದ ಹಾಗೆ ನಿಂತಿತು.

ಗುಜರಾತಿ ಬೆನ್ ಟ್ರೇ ಒರೆಸುತ್ತಾ, ತಲೆ ಎತ್ತದೆ ಹೇಳಿದರು. "ಬೆಳಿಗ್ಗೆ ಲೋಡಿಂಗಿನ ಆ ಹೊಸಬರ ಪಾಸಿಗೆ ಕೆಂಪು ದೀಪ ಬಂತು. ಗೇಟಿನ ಒಳಗೇ ಸಿಕ್ಕಿಕೊಂಡು ನಿಂತಿದ್ದರು. ಇಬ್ಬರು ಬಂದು ಕರೆದುಕೊಂಡು ಹೋದರು. ಪಾಸು ತಡೆಹಿಡಿದಿದ್ದಾರಂತೆ."

"ಯಾಕಂತೆ?"

"ನನಗೇನು ಗೊತ್ತು, ದೀದಿ? ನಿಮ್ಮ ಮಂಡಿನೋವು ಮಾತ್ರ ಸರಿಯಾದ ದಿನವೇ ಗುಣವಾಯಿತು ನೋಡಿ."

ಆ ಮಾತು ಎದೆಗೆ ನಾಟಿತು. ನಾನೇನೂ ಹೇಳಿಲ್ಲ ಅಂದೆ. ಅವರು ಮುಂದಿನ ಟ್ರೇ ಎತ್ತಿಕೊಂಡರು.

ಅಂದಿನಿಂದ ನನ್ನ ಡಬ್ಬಿ ತೆರೆದರೆ ಯಾರೂ ಕೈ ಹಾಕುತ್ತಿರಲಿಲ್ಲ. ಬಟ್ಟೆ ಬದಲಿಸುವ ರೂಮಿಗೆ ನಾನು ಹೋದರೆ ಫೋನುಗಳು ಚೀಲ ಸೇರುತ್ತಿದ್ದವು. ನಾನೂ ಸುಮ್ಮನಿರಲಿಲ್ಲ. ಯಾರು ಹೇಳಿರಬಹುದು ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದೆ. ಲೋಡಿಂಗಿನ ಇನ್ನೊಬ್ಬ ಡ್ರೈವರ್? ರಿಮೋಟ್ ಎತ್ತುತ್ತಿದ್ದ ಹೆಂಗಸು? ವಿಡಿಯೋ ದಿನ ಹುಬ್ಬು ಹಾರಿಸಿದ ಬೆನ್? ಮನೆಗೆ ಬಂದ ಮೇಲೆ ನನ್ನ ಮಾತುಗಳನ್ನೇ ತಿರುವಿಹಾಕುತ್ತಿದ್ದೆ. ಬೇಗ ಬರ್ತಾರೆ, ಗೇಟನ್ನೇ ನೋಡ್ತಾ ನಿಂತಿರ್ತಾರೆ. ನಾನು ಹೇಳಿದ ಹಾಗೆ ಅದರಲ್ಲಿ ಏನೂ ಇರಲಿಲ್ಲ. ಮ್ಯಾನೇಜರ್ ಕೇಳಿಸಿಕೊಂಡ ಹಾಗೆ ಏನಿತ್ತೋ.

ಕೆಲವು ವಾರಗಳಾದ ಮೇಲೆ ಅವರ ಪಾಸು ವಾಪಸ್ ಬಂತು. ಹಿಂದಿನ ಕೆಲಸದ ಕಡೆಯಿಂದ ಬರಬೇಕಾದ ಯಾವುದೋ ಉತ್ತರ ತಡವಾಗಿತ್ತಂತೆ, ಅಷ್ಟೇ ಎಂದು ಮ್ಯಾನೇಜರ್ ಎಲ್ಲರೆದುರು ನಗುತ್ತಾ ಹೇಳಿದ. ನಿಜವಿದ್ದರೂ ಇರಬಹುದು. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅವರಂತೂ ನನ್ನ ಮೇಜಿನ ಪಕ್ಕದಿಂದ ಟ್ರಾಲಿ ತಳ್ಳಿಕೊಂಡು ಹೋಗುವಾಗ, ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಹೋದರು.

ಅದರ ಮರುದಿನ ನಾನೇ ಮ್ಯಾನೇಜರ್ ಬಳಿ ಹೋಗಿ, ನನ್ನನ್ನು ಹಳೆಯ ಪಾಳಿಗೇ ಹಾಕಿ ಅಂದೆ.

ಅವನ ನಗು ನಿಂತಿತು. "ನೀವೇ ಕೇಳಿದ್ದಲ್ಲವಾ? ಈಗ ಯಾಕೆ ಬೇಡ?"

"ನನಗೆ ಬೆಳಿಗ್ಗೆಯೇ ಒಗ್ಗೋದು."

"ಯಾರಾದರೂ ಏನಾದರೂ ಅಂದರಾ?"

"ಇಲ್ಲ."

ಅವನು ನನ್ನನ್ನು ನೋಡಿದ ನೋಟ ನನಗೆ ಗುರುತಿತ್ತು. ಆ ಚಳಿಯ ಬೆಳಿಗ್ಗೆ ಗೇಟಿನೆದುರು ಅವರನ್ನು ನಾನು ಹಾಗೆಯೇ ನೋಡಿದ್ದೆ.

ಗಂಡ ಕೇಳಿ ತಲೆ ಚಚ್ಚಿಕೊಂಡರು. "ಮಂಡೆ ಸಮ ಇತ್ತಾ ನಿಂಗೆ? ಕೊಟ್ಟದ್ದನ್ನ ವಾಪಸ್ ಕೊಡ್ವರ್ ಯಾರಾರೂ ಇದ್ರಾ?"

ಮತ್ತೆ ಕತ್ತಲಲ್ಲೇ ಎದ್ದು ಬಸ್ಸು ಹತ್ತಿದೆ. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡಿದ್ದರೆ ನಾನು ಪೆದ್ದಿ. ಕ್ಯೂನಲ್ಲಿ ಹಿಂದಿನಿಂದ ಪಿಸುಮಾತು ಕೇಳಿತು: ಕಿವಿಗೊಟ್ಟು ಕೇಳಲಿಕ್ಕೆ ಅವಳನ್ನು ವಾಪಸ್ ಕಳಿಸಿದ್ದಾರೆ. ಅಂದು ಒಂದು ಗೇಟು ಕೆಟ್ಟಿತ್ತು. ಜನ ಬೇಲಿಗೆ ಒತ್ತಿಕೊಂಡು ನಿಂತಿದ್ದರು. ಹಿಂದೆ ಬಸ್ಸಿನ ಮೇಲೆ ಬಸ್ಸು ಬಂದು ಇಳಿಸುತ್ತಿತ್ತು. ಅಷ್ಟು ಒತ್ತಡದಲ್ಲೂ ನನ್ನ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಒಂದೊಂದು ಗೇಣು ಜಾಗ ಖಾಲಿಯಿತ್ತು. ನಾನು ಅತ್ತ ಸರಿದರೆ ಅದೂ ನನ್ನ ಜೊತೆಗೇ ಸರಿಯುತ್ತಿತ್ತು. ತಲೆ ತಗ್ಗಿಸಿ ನಿಂತೆ.

ಯಾರೋ ಬಂದು ಆ ಜಾಗದಲ್ಲಿ ನಿಂತ ಹಾಗಾಯಿತು. ಸೊಪ್ಪಿನ ಚಹಾದ ಪರಿಮಳ. ಅವರು ಕಂಬಿಗೆ ಬೆನ್ನು ಕೊಟ್ಟು, ಮುಂದೆ ನೋಡುತ್ತಲೇ ಮೆಲ್ಲಗೆ ಕೇಳಿದರು.

"ಪಾಳಿ ನೀವೇ ಬಿಟ್ಟಿರಾ, ಅವರೇ ಬಿಡಿಸಿದರಾ?"

"ನಾನೇ ಬಿಟ್ಟೆ. ನಿಮ್ಮ ಬಗ್ಗೆ ನಾನು ಏನೂ..."

"ಅದನ್ನು ಹೇಳಬೇಡಿ. ಹೇಳಿದವರೂ ಹಾಗೇ ಅಂತಾರೆ, ಹೇಳದವರೂ ಹಾಗೇ ಅಂತಾರೆ."

ಕ್ಯೂ ಅಲುಗುತ್ತಿರಲಿಲ್ಲ. ಅವರಾಗಿಯೇ ಹೇಳತೊಡಗಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ನಮ್ಮ ಕಡೆ, ಇಸ್ರೇಲಿನವರು ಕಟ್ಟಿದ ಗೋಡೆ ದಾಟಿ ಆಚೆ ಹೋದರೆ ಕೆಲಸ. ಈಚೆ ಇಲ್ಲ. ಅದಕ್ಕೇ ಕತ್ತಲಲ್ಲಿ ಎದ್ದು ಚೆಕ್‌ಪಾಯಿಂಟಿಗೆ ಹೋಗಬೇಕು. ಅದೊಂದು ಉದ್ದದ ಪಂಜರ, ಸಿಸ್ಟರ್. ಎರಡೂ ಕಡೆ ಸರಳು, ಮೇಲೆ ತಗಡು. ಇಬ್ಬರು ನಿಲ್ಲುವ ಅಗಲದಲ್ಲಿ ಐದಾರು ಜನ. ಹಿಂದಿನಿಂದ ನೂಕು. ಹುಡುಗರು ಸರಳು ಹತ್ತಿ, ನಮ್ಮ ತಲೆ ಮೇಲಿಂದ ತೂರಿ ಮುಂದಕ್ಕೆ ಇಳೀತಾರೆ. ಬೈಗುಳ, ಕೆಮ್ಮು, ಅದರ ನಡುವೆ ಯಾರದೋ ಪ್ರಾರ್ಥನೆ. ಕಾಫಿಯವನು ಹೊರಗಿನಿಂದ ಸರಳಿನ ಸಂದಿಯಲ್ಲಿ ಕಪ್ಪು ಕೊಡ್ತಾನೆ. ತಿರುಗುವ ಗೇಟಿನ ಮೇಲೆ ಹಸಿರು ಬಂದರೆ ಸ್ವಲ್ಪ ಜನ ಒಳಗೆ. ಕೆಂಪು ಬಂದರೆ ಗೇಟು ಅರ್ಧಕ್ಕೇ ನಿಲ್ಲುತ್ತೆ. ಯಾವನೋ ಒಬ್ಬ ಊಟದ ಚೀಲದ ಸಮೇತ ಒಳಗೆ ಸಿಕ್ಕಿಕೊಂಡಿರ್ತಾನೆ. ಎಷ್ಟು ಹೊತ್ತು ಅಂತ ಯಾರೂ ಹೇಳೋದಿಲ್ಲ. ಬಟನ್ ಒತ್ತುವ ಸೈನಿಕ ಗಾಜಿನ ಹಿಂದೆ ಇರ್ತಾನೆ. ನಮಗೆ ಕಾಣೋದು ಅವನ ಕೈ ಮಾತ್ರ. ಆಚೆ ಕಡೆ ಮೇಸ್ತ್ರಿಯ ವ್ಯಾನು ಕಾಯ್ತಿರುತ್ತೆ. ತಡವಾದರೆ ಅದು ಹೊರಟಿತು, ಆ ದಿನದ ಕೂಲಿಯೂ ಹೋಯಿತು."

ನಾನು ಅವರ ಮೊಣಕೈ ನೋಡಿದೆ. ಅವರಿಗೆ ಅರ್ಥವಾಯಿತು.

"ಹೌದು, ಪಕ್ಕೆಲುಬು ಉಳಿಸಿಕೊಳ್ಳಲಿಕ್ಕೆ. ಆದರೆ ಆಮೇಲಾಮೇಲೆ ಅದರ ಅಗತ್ಯ ಬೀಳಲಿಲ್ಲ."

"ಯಾಕೆ?"

"ಒಂದು ದಿನ ನನ್ನ ಕಾರ್ಡು ಇಟ್ಟುಕೊಂಡು ಪಕ್ಕದ ಕೋಣೆಗೆ ಕರೆದರು. ಒಬ್ಬ ಆಫೀಸರ್. ನನಗಿಂತ ಚೆನ್ನಾಗಿ ಅರಬ್ಬಿ ಮಾತಾಡ್ತಿದ್ದ. ಕಾಫಿ ತರಿಸಿದ. ನಿನ್ನ ಮಗಳ ಹಲ್ಲುನೋವು ಕಮ್ಮಿಯಾಯ್ತಾ ಅಂತ ಕೇಳಿದ. ಮಗಳಿಗೆ ಹಲ್ಲುನೋವು ಅಂತ ನನ್ನ ಹೆಂಡತಿಗೆ, ನನಗೆ ಬಿಟ್ಟರೆ ಗೊತ್ತಿದ್ದವರೇ ಕಮ್ಮಿ. ಊರಲ್ಲಿ ಯಾರು ಏನು ಮಾತಾಡ್ತಾರೆ ಅಂತ ಆಗಾಗ ಬಂದು ಹೇಳು, ಗೋಡೆ ದಾಟುವ ಪರ್ಮಿಟ್ ಚಿಂತೆ ಬಿಡು ಅಂದ. ನಾನು ಗಾರೆಯವನು, ಗೋಡೆ ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ ಅಂದೆ. ಸರಿ, ಹೋಗು ಅಂದ. ನನ್ನ ಪರ್ಮಿಟ್ ಹೋಯ್ತು ಅಂದುಕೊಂಡೆ."

"ಹೋಯ್ತಾ?"

"ಇಲ್ಲ. ಅಲ್ಲಿಂದಲೇ ತೊಂದರೆ ಶುರು. ನಮ್ಮೂರಲ್ಲಿ ಒಬ್ಬೊಬ್ಬರದೇ ಹೋಯ್ತು. ನನ್ನ ತಮ್ಮನದೂ ಹೋಯ್ತು. ನನ್ನದು ಮಾತ್ರ ಪ್ರತಿಸಲ ಹೊಸದಾಗಿ ಬರ್ತಿತ್ತು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕೆಂದೇ ಮಾಡಿದರೋ, ಸುಮ್ಮನೆ ಹಾಗಾಯಿತೋ. ಊರವರು ಮಾತ್ರ ಅನುಮಾನವೇ ಇಲ್ಲದೆ ಅಂದುಕೊಂಡರು, ನಾನು ಸುದ್ದಿ ಮುಟ್ಟಿಸುವವನು ಅಂತ. ಆ ಪಂಜರದಲ್ಲಿ ಉಸಿರಾಡಲಿಕ್ಕೆ ಜಾಗ ಇರಲ್ಲ. ಆದರೂ ನನ್ನ ಸುತ್ತ ಜಾಗ ಬಿಡ್ತಿದ್ದರು. ಒಬ್ಬರ ಮೇಲೊಬ್ಬರು ಬಿದ್ದು ನರಳಿದರೂ ನನ್ನ ಮೈಗೆ ತಾಗ್ತಿರಲಿಲ್ಲ. ಕಾಫಿಯವನು ನನ್ನ ಕಡೆ ಕಪ್ಪು ಚಾಚುವುದನ್ನೇ ಬಿಟ್ಟ."

"ತಮ್ಮ?"

"ಅವನು ಕೇಳಲೇ ಇಲ್ಲ. ಕೇಳಿದ್ದರೆ ಹೇಳ್ತಿದ್ದೆ. ಈಗ ಫೋನ್ ಮಾಡಿದರೆ ಮಳೆ ಬಂತು, ಬಿಸಿಲು ಬಂತು ಅಂತಾನೆ."

ಕ್ಯೂ ಅಲುಗಿತು. ಅವರು ಚೀಲ ಎತ್ತಿಕೊಂಡು ಹೇಳಿದರು: "ನಿಮಗೆ ಆ ಹೊಸ ಪಾಳಿ ಬಂದಾಗ ನಾನೂ ನಮ್ಮೂರವರ ಹಾಗೇ ಅಂದುಕೊಂಡೆ."

"ಈಗ?"

"ಈಗ ಗೊತ್ತಿಲ್ಲ."

ನನಗೆ ಸಿಟ್ಟು ಬಂತು. ಪಾಳಿ ಬಿಟ್ಟುಬಂದವಳ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎನಿಸಿತು. ಆದರೆ ಅವರು ಗೇಟಿನವರೆಗೂ ಪಕ್ಕದಲ್ಲೇ ನಡೆದರು. ಮರುದಿನವೂ ಹಾಗೇ. ನಮ್ಮಿಬ್ಬರ ಸುತ್ತಲಿನ ಜಾಗ ಎಷ್ಟೋ ದಿನ ಹಾಗೇ ಇತ್ತು. ಆಮೇಲೆ ಒಂದು ಮಂಜಿನ ಬೆಳಿಗ್ಗೆ ಗುಜರಾತಿ ಬೆನ್, ಕಾಲು ಜಾರಿ, ನನ್ನ ತೋಳು ಹಿಡಿದುಕೊಂಡರು. ಹಿಡಿದ ಕೈ ಬಿಡುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದ್ದು ನನಗೆ ತಿಳಿಯಿತು. ಬಿಡಲಿಲ್ಲ. ಊಟದ ರೂಮಿನಲ್ಲಿ ಅಂದು ನನ್ನ ಉಪ್ಪಿನಕಾಯಿಗೆ ಕೈ ಹಾಕಿದರು. ಅವರೇ ಹೇಳಿದ್ದಿರಬಹುದೇ ಎಂಬ ಯೋಚನೆ ಆಗಲೂ ನನ್ನ ತಲೆಯಲ್ಲಿ ಸುಳಿದುಹೋಯಿತು.

ಮ್ಯಾನೇಜರ್ ಮತ್ತೆಂದೂ ನನಗೆ ಟೀ ಕೊಡಲಿಲ್ಲ. ನನ್ನ ಮಂಡಿಯ ಸುದ್ದಿಯನ್ನೂ ಕೇಳಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅವರು ಕೆಲಸ ಬಿಟ್ಟರು. ಹೆಂಡತಿಯ ಅಣ್ಣನ ಬ್ರೆಡ್ ಅಂಗಡಿ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡ್‌ನಲ್ಲಿದೆ, ಅಲ್ಲಿ ಒಲೆಯ ಮುಂದೆ ನಿಲ್ಲುತ್ತೇನೆ, ಅಲ್ಲಿ ಗೇಟಿಲ್ಲ ಅಂದರು. ಕೊನೆಯ ದಿನ ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ಇಬ್ಬರೇ ಕೂತಿದ್ದೆವು.

"ಅಂದು ಆಫೀಸಿನಲ್ಲಿ ನೀವು ಏನು ಹೇಳಿದಿರಿ? ಇದ್ದದ್ದು ಇದ್ದ ಹಾಗೆ ಹೇಳಿ."

ಹೇಳಬೇಡಿ ಎಂದವರೇ ಈಗ ಕೇಳಿದ್ದರು. ನಾನು ಒಂದು ಮಾತೂ ಬಿಡದೆ ಹೇಳಿದೆ. ಒಳ್ಳೆಯವರು ಅಂದದ್ದು, ಬೇಗ ಬರ್ತಾರೆ ಅಂದದ್ದು, ಗೇಟನ್ನೇ ನೋಡ್ತಾ ನಿಂತಿರ್ತಾರೆ, ಪಾಪ ಅಂದದ್ದು. ಪಾಪ ಎಂಬುದು ಮಾತ್ರ ಕನ್ನಡದಲ್ಲೇ ಬಾಯಿಗೆ ಬಂತು.

"ಪಾಪ ಅಂದರೆ?"

"ಇಂಗ್ಲಿಷಿನಲ್ಲಿ ಪೂರ್ ಮ್ಯಾನ್ ಅಂದಿದ್ದೆ."

ಅವರು ನಕ್ಕುಬಿಟ್ಟರು. ಎದೆಯಿಂದ ಬಂದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮುಖ ಒರೆಸಿಕೊಂಡು "ಸರಿ" ಅಂದರು. ನಂಬಿ ಅಂದದ್ದೋ, ಸಾಕು ಎಂದು ಅಂದದ್ದೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಮೊನ್ನೆ ಒಂದು ಭಾನುವಾರ ಗಂಡನನ್ನು ಒಪ್ಪಿಸಿ ಇಲ್ಫರ್ಡ್‌ಗೆ ಕರೆದುಕೊಂಡು ಹೋದೆ. ಅಂಗಡಿ ಚಿಕ್ಕದು. ಅವರು ಅಂಗಿಯ ತೋಳು ಮಡಚಿಕೊಂಡು, ಹಿಟ್ಟಿನ ಕೈಯಲ್ಲೇ ಬಂದು, ಎಳ್ಳು ಮೆತ್ತಿದ ಬಿಸಿ ಬ್ರೆಡ್ ಕಾಗದದಲ್ಲಿ ಸುತ್ತಿ ಕೊಟ್ಟರು. ಮೊದಲಿಗಿಂತ ದಪ್ಪಗಾಗಿದ್ದರು. ಒಳಗಿನಿಂದ ಅವರ ಹೆಂಡತಿ ಬಂದರು. ಹೆಂಡತಿಗೆ ನನ್ನನ್ನು ತೋರಿಸಿ ಅರಬ್ಬಿಯಲ್ಲಿ ಏನೋ ಅಂದರು. ಆಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ಮುಖವನ್ನೇ ನೋಡಿದರು.

"ಹಾಗಾದರೆ ಅದು ನೀವೇ."

"ಹೌದು, ನಾನೇ," ಅಂದೆ. ಮನೆಯಲ್ಲಿ ನನ್ನ ಬಗ್ಗೆ ಏನು ಹೇಳಿದ್ದಾರೆ ಎಂದು ಕೇಳುವ ಧೈರ್ಯವಾಗಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಗಂಡ ಆ ಬ್ರೆಡ್ಡನ್ನು ಮುರಿದು, ಒಳಗೇನಿದೆ ಎಂದು ನೋಡಿ, ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದು, "ಲಾಯ್ಕ್ ಇತ್ತ್ ಮಾರಾಯ್ತಿ" ಅಂದರು. ಹೊಟ್ಟೆಯೊಳಗೆ ಇಳಿದ ಮೇಲೆ ಕೇಳಿದರು:

"ದುಡ್ಡ್ ಯಾಕೆ ತಕಂಡಿಲ್ಲ ಅವ್ರ್?"